ನಡುವಿನ ಸ್ನಾಯುಗಳು ಮತ್ತು ಗೃಹವ್ಯಾಯಾಮ

ಎದೆಗೂಡಿನ ಕೆಳ ಅಂಚಿನಿಂದ ತೊಡೆಗಳ ಬುಡದವರೆಗೆ ದೇಹಕಾಂಡವನ್ನು ಮುಂದೆ, ಹಿಂದೆ ಮತ್ತು ಇಕ್ಕೆಲಗಳಲ್ಲಿ ಆವರಿಸಿಕೊಂಡು, ಬೆನ್ನೆಲುಬಿಗೆ ಆಸರೆಯಾಗಿಯೂ ಕೈಕಾಲುಗಳ ಸಕಲ ಚಲನೆಗಳಿಗೆ ನೆಲೆಗಟ್ಟಾಗಿಯೂ ಇರುವ ಸ್ನಾಯುಸಮೂಹವನ್ನು ಇಂದಿನ ವ್ಯಾಯಾಮಶಾಸ್ತ್ರವು ‘ಕೋರ್’ ಎಂದು ವ್ಯವಹರಿಸುತ್ತದೆ. ಹೆಸರು ಹೊಸದಾದರೂ ವಸ್ತು ಕನ್ನಡಿಗರಿಗೆ ಹೊಸದಲ್ಲ. ಕಾರ್ಯಕ್ಕೆ ಸನ್ನದ್ಧನಾದವನು ಟೊಂಕ ಕಟ್ಟಿ ನಿಲ್ಲುತ್ತಾನೆ. ಬೆಳೆ ಕೈಕೊಟ್ಟ ರೈತನ ನಡು ಮುರಿಯುತ್ತದೆ. ಮುದುಕನ ಸೊಂಟ ಬಿದ್ದಿತೆಂದರೆ ಮನೆಯವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಬಲವನ್ನೂ ಬಲಹೀನತೆಯನ್ನೂ ತೋಳಿನಲ್ಲಿ ಕಾಣದೆ ನಡುವಿನಲ್ಲಿಯೇ ಕಂಡ ಈ ನುಡಿಗಟ್ಟುಗಳು ಅಂಗರಚನಾಶಾಸ್ತ್ರವನ್ನು ಓದಿದವರು ಮಾಡಿದವಲ್ಲವಾದರೂ, ಆ ಶಾಸ್ತ್ರವು ಕಳೆದ ಶತಮಾನದ ಕೊನೆಯಲ್ಲಿ ತಲಪಿದ ತೀರ್ಮಾನದಿಂದ ಬಹಳ ದೂರವೇನೂ ಇಲ್ಲ.

ಈ ವಿಷಯವನ್ನು ಚಿತ್ರದುರ್ಗ ಸೀಮೆಯಲ್ಲಿ ನಿಂತು ನೋಡುವುದಕ್ಕೆ ಸಕಾರಣವುಂಟು. ಚಿತ್ರದುರ್ಗಕ್ಕೂ ದಾವಣಗೆರೆಗೂ ನಡುವೆ, ಹೆದ್ದಾರಿಯ ಮೇಲಿರುವ ಭರಮಸಾಗರವು 1689ರಿಂದ 1721ರವರೆಗೆ ದುರ್ಗವನ್ನಾಳಿದ ಭರಮಣ್ಣನಾಯಕನ ಹೆಸರನ್ನು ತನ್ನ ದೊಡ್ಡ ಕೆರೆಯೊಡನೆ ಇಂದಿಗೂ ಹೊತ್ತಿರುವ ಊರು. ಅದರ ದಕ್ಷಿಣಕ್ಕೆ, ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ, ವ್ಯಾಯಾಮವನ್ನು ಲೋಕಸೇವೆಯಾಗಿ ಕೈಗೊಂಡ ಒಂದು ಆಶ್ರಮವು ಬೆಳೆಯಿತು. ಇದೇ ಜಿಲ್ಲೆಯ ಮುಚುಕುಂದಪುರದಲ್ಲಿ ಹುಟ್ಟಿದ ಒಬ್ಬ ವಿದ್ವಾಂಸರು ಮೈಸೂರಿನಲ್ಲಿ ಕಲಿಸಿದ ಆಸನಕ್ರಮವು ಈಗ ಪ್ರಪಂಚದ ಮಹಾನಗರಗಳಲ್ಲಿ ಅಭ್ಯಾಸವಾಗುತ್ತಿದೆ.

ರಚನೆ ಮತ್ತು ಕಾರ್ಯ

ಹೊಟ್ಟೆಯ ಗೋಡೆಯಲ್ಲಿ ನಾಲ್ಕು ಪದರಗಳ ಸ್ನಾಯುಗಳಿವೆ. ಎಲ್ಲಕ್ಕಿಂತ ಮುಂದೆ, ಎದೆಯ ಮೂಳೆಯ ತುದಿಯಿಂದ ಕಿಬ್ಬೊಟ್ಟೆಯ ಕೆಳಗಿನ ಮೂಳೆಯವರೆಗೆ ನೆಟ್ಟಗೆ ಇಳಿಯುವ ಜೋಡಿ ಪಟ್ಟಿಯು, ಅಲ್ಲಲ್ಲಿ ಅಡ್ಡಲಾಗಿ ಹಾಯುವ ಕಂಡರದ ಗೆರೆಗಳಿಂದ ತುಂಡುತುಂಡಾಗಿ ಕಾಣುವುದರಿಂದ, ಕನ್ನಡಿಯ ಮುಂದೆ ನಿಲ್ಲುವ ಯುವಕರ ಪ್ರೀತಿಯನ್ನೆಲ್ಲ ತಾನೊಂದೇ ಪಡೆದುಕೊಂಡಿದೆ. ಅದರ ಇಕ್ಕೆಲಗಳಲ್ಲಿ ಹೊರ ಓರೆಸ್ನಾಯು, ಒಳ ಓರೆಸ್ನಾಯುಗಳೆಂಬ ಎರಡು ಪದರಗಳು ಒಂದಕ್ಕೊಂದು ಅಡ್ಡವಾಗಿ, ಬುಟ್ಟಿಯ ಹೆಣಿಗೆಯಂತೆ ಹಾಯುತ್ತವೆ. ಎಲ್ಲಕ್ಕಿಂತ ಒಳಗೆ, ಕಣ್ಣಿಗೆ ಎಂದೂ ಬೀಳದ ಅಡ್ಡ ಉದರಸ್ನಾಯುವು ನಡುಪಟ್ಟಿಯಂತೆ ಸುತ್ತಿಕೊಂಡು ಬೆನ್ನಿನ ದಪ್ಪ ಪೊರೆಗೆ ಸೇರುತ್ತದೆ. ಹಿಂಭಾಗದಲ್ಲಿ ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಉದ್ದ ಸ್ನಾಯುಗಳೂ, ಅವುಗಳ ಅಡಿಯಲ್ಲಿ ಒಂದೊಂದು ಕಶೇರುವನ್ನು ಮೇಲಿನದಕ್ಕೆ ಹೊಲಿಗೆ ಹಾಕಿದಂತೆ ಕಟ್ಟುವ ಚಿಕ್ಕ ಸ್ನಾಯುಗಳೂ ಇವೆ. ಮೇಲ್ಛಾವಣಿ ವಪೆ, ತಳ ಶ್ರೋಣಿಯ ಸ್ನಾಯುಗಳು. ಪೃಷ್ಠದ ದೊಡ್ಡ ಸ್ನಾಯುಗಳನ್ನೂ ಈ ಕೂಟದಲ್ಲಿ ಎಣಿಸಬೇಕೆ ಎಂಬುದರಲ್ಲಿ ತಜ್ಞರು ಒಮ್ಮತಕ್ಕೆ ಬಂದಿಲ್ಲವಾದರೂ, ಅಭ್ಯಾಸದಲ್ಲಿ ಅವುಗಳನ್ನು ಬಿಟ್ಟು ನಡುವನ್ನು ಬಲಪಡಿಸಹೊರಟವರು ಅರ್ಧದಾರಿಯಲ್ಲಿ ನಿಲ್ಲುತ್ತಾರೆ.

ಇವೆಲ್ಲ ಕೂಡಿ ಮಾಡುವ ಕೆಲಸವನ್ನು ತಿಳಿಯಲು ಶೇಂಗಾ ತುಂಬಿದ ಗೋಣಿಚೀಲವನ್ನು ನೆನೆಯುವುದು ಸಾಕು. ಬಿಗಿಯಾಗಿ ತುಂಬಿ ಬಾಯಿ ಹೊಲಿದ ಚೀಲವು ತನ್ನಷ್ಟಕ್ಕೆ ತಾನೇ ನೆಟ್ಟಗೆ ನಿಂತು, ಮೇಲೆ ಮತ್ತೊಂದು ಚೀಲವನ್ನೂ ಹೊರುತ್ತದೆ; ಅದೇ ಚೀಲವು ಅರೆದುಂಬಿದ್ದರೆ ನಡುವಿನಲ್ಲಿ ಮಡಿಸಿಕೊಂಡು ಬೀಳುತ್ತದೆ. ವಪೆಯು ಇಳಿದು, ಶ್ರೋಣಿತಳವು ಬಿಗಿದು, ಅಡ್ಡಸ್ನಾಯುವು ಸುತ್ತಲೂ ಹಿಡಿದಾಗ ಹೊಟ್ಟೆಯೊಳಗಿನ ಒತ್ತಡವು ಏರುತ್ತದೆ. ಐದು ಸೊಂಟದ ಕಶೇರುಗಳನ್ನು ಬಿಟ್ಟರೆ ಬೇರೆ ಮೂಳೆಯ ಆಧಾರವೇ ಇಲ್ಲದ ಆ ಭಾಗವು ಆಗ ತುಂಬಿದ ಚೀಲದಂತೆ ಗಟ್ಟಿಯಾಗುತ್ತದೆ. ಮಂಡಿಯ ಹಮಾಲಿಯು ಚೀಲಕ್ಕೆ ಬೆನ್ನು ಕೊಡುವ ಮೊದಲು ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಉಸಿರನ್ನು ಒಳಗೆ ಕಟ್ಟಿ, ‘ಹೂಂ’ ಎಂದು ಏಳುವುದು ಇದೇ ತತ್ತ್ವದ ಮೇಲೆ.

ಇದರಿಂದ ಹೊರಡುವ ಮುಖ್ಯ ಸಂಗತಿಯೊಂದುಂಟು. ಈ ಲೇಖನದ ಉಳಿದ ಭಾಗವೆಲ್ಲ ಅದನ್ನೇ ಅವಲಂಬಿಸಿದೆ. ತೋಳಿನ ಸ್ನಾಯುವು ಮಡಿಸುವುದಕ್ಕಾಗಿ ಇದೆ, ತೊಡೆಯ ಸ್ನಾಯುವು ನೀಡುವುದಕ್ಕಾಗಿ ಇದೆ. ನಡುವಿನ ಸ್ನಾಯುಗಳ ಪ್ರಧಾನ ಕರ್ತವ್ಯವಾದರೋ ಬಾಗುವುದಲ್ಲ, ಬಾಗದಂತೆ ತಡೆಯುವುದು. ತಿರುಗುವುದಲ್ಲ, ಕೈಕಾಲುಗಳು ಎಳೆದತ್ತ ತಿರುಗದಂತೆ ನಿಲ್ಲುವುದು. ನಂದಿಕೋಲನ್ನು ಹೊತ್ತು ಕುಣಿಯುವವನನ್ನು ನೋಡಿದವರಿಗೆ ಇದು ಹೇಳದೆಯೇ ತಿಳಿಯುತ್ತದೆ: ಕೋಲಿನ ಬುಡವು ಸೊಂಟಕ್ಕೆ ಕಟ್ಟಿದ ಪಟ್ಟಿಯಲ್ಲಿದೆ, ತುದಿಯು ಮನೆಗಳ ಮಾಳಿಗೆಯನ್ನು ಮೀರಿ ತೂಗಾಡುತ್ತಿದೆ, ಕಾಲುಗಳು ಸಮಾಳದ ಗತಿಗೆ ಹೆಜ್ಜೆ ಹಾಕುತ್ತಿವೆ, ಎದೆಗೂ ತೊಡೆಗೂ ನಡುವಿನ ಒಂದು ಗೇಣು ಮಾತ್ರ ಅಲುಗುತ್ತಿಲ್ಲ.

ಮನೆಗೆಲಸವೆಂಬ ಹಳೆಯ ವ್ಯಾಯಾಮ

ಒಂದೆರಡು ತಲೆಮಾರುಗಳ ಹಿಂದೆ ಈ ಬಯಲುಸೀಮೆಯಲ್ಲಿ ನಡುವನ್ನು ಬಲಪಡಿಸುವುದಕ್ಕೆಂದು ಪ್ರತ್ಯೇಕವಾಗಿ ಯಾರೂ ಏನನ್ನೂ ಮಾಡಬೇಕಾಗಿರಲಿಲ್ಲ. ಬಾವಿಯಿಂದ ನೀರು ಸೇದಿ, ಕೊಡವನ್ನು ಒಂದೇ ಸೊಂಟದ ಮೇಲಿಟ್ಟು, ಮತ್ತೊಂದು ಪಕ್ಕಕ್ಕೆ ಮೈಯನ್ನು ಬಿಗಿಹಿಡಿದು ನಡೆಯುವುದು. ಬೀಸುಕಲ್ಲಿನ ಮುಂದೆ ಕುಳಿತು ಗೂಟವನ್ನು ಸುತ್ತಿಸುತ್ತ ರಾಗಿ ಬೀಸುವುದು. ಒರಳಿನ ಎದುರುಬದುರಿಗೆ ಇಬ್ಬರು ನಿಂತು, ಒಬ್ಬಳ ಒನಕೆ ಏಳುವಾಗ ಮತ್ತೊಬ್ಬಳದು ಬೀಳುವಂತೆ ಲಯ ತಪ್ಪದೆ ಕುಟ್ಟುವುದು: ಇವುಗಳಲ್ಲಿ ದುಡಿಯುವುದು ಕೈಗಳೆಂದು ತೋರಿದರೂ, ಕೈಗಳಿಗೆ ಆ ಬಲವನ್ನು ದಾಟಿಸುವುದು ನಡು. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ, ಮದಕರಿನಾಯಕನ ಕೋಟೆಯ ಕಿಂಡಿಯಲ್ಲಿ ಒಬ್ಬೊಬ್ಬನಾಗಿ ನುಸುಳಿದ ಸೈನಿಕರನ್ನು ಒನಕೆಯಿಂದ ಬಡಿದ ಓಬವ್ವನ ಕಥೆಯನ್ನು ಧೈರ್ಯದ ಕಥೆಯೆಂದೇ ಎಲ್ಲರೂ ಹೇಳುತ್ತಾರೆ. ಧೈರ್ಯವು ಇದ್ದದ್ದು ನಿಜ. ಆದರೆ ಒನಕೆಯನ್ನು ಮೇಲೆತ್ತಿ, ಗುರಿ ತಪ್ಪದೆ ಇಳಿಸಿ, ಮತ್ತೆ ಎತ್ತುವ ಸಾಮರ್ಥ್ಯವು ಆ ಒಂದು ಮಧ್ಯಾಹ್ನದಲ್ಲಿ ಹುಟ್ಟಿದ್ದಲ್ಲ, ದಿನದಿನವೂ ಒರಳಿನ ಮುಂದೆ ಸಂಪಾದಿಸಿದ್ದು ಎಂಬುದನ್ನು ಕುಟ್ಟಿ ಬಲ್ಲವರು ಒಪ್ಪಿಯಾರು.

ಹಾಗೆಂದು ಬೀಸುಕಲ್ಲಿನ ಕಾಲವನ್ನು ಆರೋಗ್ಯದ ಸುವರ್ಣಯುಗವೆಂದು ಹೊಗಳುವುದು ನ್ಯಾಯವಲ್ಲ. ಹೊಗಳುವವರು ಸಾಮಾನ್ಯವಾಗಿ ಬೀಸದಿದ್ದವರೇ ಆಗಿರುತ್ತಾರೆ. ದುಡಿಮೆಗೂ ವ್ಯಾಯಾಮಕ್ಕೂ ಮೂಲಭೂತವಾದ ಭೇದವೊಂದಿದೆ: ದುಡಿಮೆಯು ಕೆಲಸ ಮುಗಿದಾಗ ನಿಲ್ಲುತ್ತದೆ, ವ್ಯಾಯಾಮವು ಶಕ್ತಿಯನ್ನು ನೋಡಿಕೊಂಡು ನಿಲ್ಲುತ್ತದೆ. ಸುಶ್ರುತಸಂಹಿತೆಯು ವ್ಯಾಯಾಮವನ್ನು ಅರ್ಧಶಕ್ತಿಯವರೆಗೆ ಮಾತ್ರ ಮಾಡಬೇಕೆಂದು ವಿಧಿಸಿ, ಉಸಿರು ಬಾಯಿಗೆ ಬರುವುದನ್ನು ಅದರ ಲಕ್ಷಣವಾಗಿ ಹೇಳಿದೆ. ಹಿಟ್ಟು ಮುಗಿಯುವವರೆಗೆ ಏಳುವಂತಿಲ್ಲದ ಸೊಸೆಗೆ ಈ ಅನುಕೂಲವಿರಲಿಲ್ಲ. ಇಂದಿಗೂ ಭರಮಸಾಗರದ ಹೊಲಗಳಲ್ಲಿ ಶೇಂಗಾ ಕೀಳುವ, ಈರುಳ್ಳಿಯ ಕಳೆ ತೆಗೆಯುವ ಹೆಂಗಸರು ಬೆಳಗಿನಿಂದ ಬೈಗಿನವರೆಗೆ ಸೊಂಟವನ್ನು ಮಡಿಸಿಯೇ ಇರುತ್ತಾರೆ. ಅವರ ನಡುವಿಗೆ ಕೆಲಸ ಕಡಮೆಯಾಗಿಲ್ಲ, ಒಂದೇ ಬಗೆಯ ಕೆಲಸ ಹೆಚ್ಚಾಗಿದೆ. ಬಾಗಿದ ಭಂಗಿಯಲ್ಲಿ ಬಹುಕಾಲ ಕಳೆದಾಗ ಹಿಂಬದಿಯ ಸ್ನಾಯುಗಳು ಹೊರೆಯನ್ನು ಕಶೇರುಗಳ ನಡುವಣ ಮೆತ್ತೆಗಳಿಗೂ ಕಟ್ಟುನಾರುಗಳಿಗೂ ಒಪ್ಪಿಸಿ ತಾವು ಸುಮ್ಮನಾಗುತ್ತವೆ. ಇನ್ನೊಂದು ತುದಿಯಲ್ಲಿ ಹೆದ್ದಾರಿಯ ಲಾರಿಚಾಲಕನೂ ಕಚೇರಿಯ ಗುಮಾಸ್ತನೂ ಅಂಗಡಿಯ ಗಲ್ಲದ ಮುಂದೆ ಕೂರುವ ವರ್ತಕನೂ ಇದ್ದಾರೆ. ಅವರ ನಡುವಿಗೆ ಕೆಲಸವೇ ಇಲ್ಲ. ಗಿರಣಿ, ನಲ್ಲಿ, ಮಿಕ್ಸಿಗಳು ಬಂದಮೇಲೆ ಹಳೆಯ ಪಟ್ಟಿಯಲ್ಲಿ ಉಳಿದಿರುವುದು ಬಹುಶಃ ಮುದ್ದೆಯೊಂದೇ. ಕುದಿಯುವ ಎಸರಿಗೆ ಹಿಟ್ಟು ಬಿದ್ದಮೇಲೆ, ಪಾತ್ರೆಯನ್ನು ಅಲುಗದಂತೆ ಹಿಡಿದು ಕೋಲಿನಿಂದ ತೊಳಸುವಾಗ, ಕೈಯು ಸುತ್ತಲೆತ್ನಿಸುವಷ್ಟನ್ನೂ ಮೈಯು ಸುತ್ತದೆ ತಡೆಯಬೇಕಾಗುತ್ತದೆ. ಆಧುನಿಕ ವ್ಯಾಯಾಮಶಾಲೆಗಳಲ್ಲಿ ರಬ್ಬರಿನ ಪಟ್ಟಿಯನ್ನು ಗೋಡೆಗೆ ಕಟ್ಟಿ ಇದನ್ನೇ ಮಾಡಿಸುತ್ತಾರೆ. ಅಲ್ಲಿ ಕೊನೆಗೆ ಊಟ ಮಾತ್ರ ಸಿಕ್ಕುವುದಿಲ್ಲ.

ಗರಡಿಯಿಂದ ಯೋಗಶಾಲೆಗೆ

ಪ್ರತ್ಯೇಕ ವಿದ್ಯೆಯಾಗಿ ದೇಹಸಾಧನೆಯು ಕನ್ನಡನಾಡಿನಲ್ಲಿ ಪ್ರಾಚೀನವಾದುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದ್ದು, ಮಲ್ಲರ ವರ್ಗೀಕರಣ, ಆಹಾರ, ಅಭ್ಯಾಸಗಳನ್ನು ಅದು ನಿರೂಪಿಸುತ್ತದೆ. ಚಿತ್ರದುರ್ಗದ ಕೋಟೆಯೊಳಗೆ ಗರಡಿಮನೆಯೆಂದು ಇಂದಿಗೂ ತೋರಿಸುವ ಕಟ್ಟಡವಿದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಬಯಲುಕುಸ್ತಿ ಇನ್ನೂ ನಿಂತಿಲ್ಲ. ಗರಡಿಯ ಸಾಮಿನಲ್ಲಿ ದಂಡೆ, ಬಸ್ಕಿಗಳು ಮೊದಲ ಪಾಠ. ದಂಡೆಯಲ್ಲಿ ಅಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ತೇಲಿಸಿ ಮುಂದಕ್ಕೆ ಜಾರುವಾಗ ಸೊಂಟವು ಜೋತುಬಿದ್ದರೆ ಉಸ್ತಾದನು ಸುಮ್ಮನಿರುತ್ತಿರಲಿಲ್ಲ. ಇಂದು ‘ಪ್ಲ್ಯಾಂಕ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಭಂಗಿಯು ದಂಡೆಯ ಮೊದಲ ಕ್ಷಣವನ್ನು ಹಿಡಿದು ನಿಲ್ಲಿಸಿದ್ದೇ ಹೊರತು ಬೇರೆಯಲ್ಲ.

ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ಜನಿಸಿದರು. ದರ್ಶನಶಾಸ್ತ್ರಗಳಲ್ಲಿ ಪ್ರೌಢ ಪಾಂಡಿತ್ಯವನ್ನು ಪಡೆದಿದ್ದರೂ ಕೆಲವು ಕಾಲ ಹಾಸನದ ಕಡೆಯ ಕಾಫಿತೋಟದಲ್ಲಿ ಮೇಲ್ವಿಚಾರಕರಾಗಿರಬೇಕಾಗಿ ಬಂದ ಅವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯವು ದೊರೆತು, 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯು ಆರಂಭವಾಯಿತು. ಮರುವರ್ಷ ಅವರ ‘ಯೋಗಮಕರಂದ’ವು ಕನ್ನಡದಲ್ಲಿಯೇ ಹೊರಬಂದಿತು. ಅವರ ಶಿಷ್ಯರಲ್ಲಿ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಹಾಸನದ ಬಳಿಯ ಕೌಶಿಕದ ಕೆ. ಪಟ್ಟಾಭಿ ಜೋಯಿಸರೂ ಜಗತ್ಪ್ರಸಿದ್ಧರಾದರು. ಜೋಯಿಸರು ಕಲಿಸಿದ ಕ್ರಮದಲ್ಲಿ ಆಸನ ಆಸನಕ್ಕೂ ನಡುವೆ ಮೈಯನ್ನು ಕೈಗಳ ಮೇಲೆ ಎತ್ತಿ ಹಿಂದಕ್ಕೆ ಹಾರಿಸಿ ಚತುರಂಗ ದಂಡಾಸನಕ್ಕೆ ಇಳಿಸುವ ವಿಧಾನವನ್ನೂ, ನಾವಾಸನವನ್ನು ಐದು ಉಸಿರಿನಂತೆ ಐದು ಸಲ ಹಿಡಿಸುವ ನಿಯಮವನ್ನೂ ಕಂಡವರಿಗೆ ಅಲ್ಲಿ ನಡುವಿನ ಸ್ಥಾನವೇನೆಂಬುದು ವಿದಿತವಾಗುತ್ತದೆ. ಮೈಸೂರಿನ ಈ ಆಸನಪದ್ಧತಿಯು ಅರಮನೆಯ ಗರಡಿ ಮತ್ತು ಅಂಗಸಾಧನೆಯ ಸಂಪ್ರದಾಯದಿಂದ ಎಷ್ಟನ್ನೋ ಪಡೆದುಕೊಂಡಿದೆಯೆಂದು 1996ರಲ್ಲಿ ಎನ್.ಇ. ಶೋಮನ್ನರು ವಾದಿಸಿದರು. ವಾದವು ಯೋಗಾಭಿಮಾನಿಗಳಿಗೆ ಅಷ್ಟು ಹಿತವಾಗಲಿಲ್ಲ. ಆದರೆ ದಂಡೆ ಹೊಡೆದ ಜಟ್ಟಿಯನ್ನೂ ಚತುರಂಗದಲ್ಲಿ ನಿಂತ ಯೋಗಾಭ್ಯಾಸಿಯನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಮನೆಯಲ್ಲಿಯೇ ಮಾಡುವ ವ್ಯಾಯಾಮವೆಂಬ ಕಲ್ಪನೆಗೆ ಕನ್ನಡನಾಡಿನಲ್ಲಿ ರೂಪ ಕೊಟ್ಟವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಅಗ್ರಗಣ್ಯರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಸಾಹಿತ್ಯಾಸಕ್ತರು ಅವರನ್ನು ಬಲ್ಲರು. ವ್ಯಾಯಾಮಲೋಕವು ಅವರನ್ನು 1930ರ ‘ಮಸಲ್ ಕಲ್ಟ್’, 1937ರ ‘ಸೂರ್ಯನಮಸ್ಕಾರ’ ಎಂಬ ಆಂಗ್ಲ ಗ್ರಂಥಗಳಿಂದ ಬಲ್ಲುದು. ವ್ಯಾಯಾಮಶಾಲೆಗೆ ಬರಲಾರದವರಿಗೆ ಅಂಚೆಯ ಮೂಲಕ ಪಾಠಗಳನ್ನು ಕಳುಹಿಸಿ ಅಂಗಸಾಧನೆ ಮಾಡಿಸಿದ ಈ ಮಹನೀಯರು, ಕಬ್ಬಿಣದ ಭಾರಗಳನ್ನೂ ಆಸನಗಳನ್ನೂ ಸೂರ್ಯನಮಸ್ಕಾರವನ್ನೂ ಪರಸ್ಪರ ವೈರಿಗಳೆಂದು ಭಾವಿಸದೆ ಒಂದೇ ಕ್ರಮದೊಳಕ್ಕೆ ತಂದರು.

ಅಂಚೆ ತಲಪದ ಹಳ್ಳಿಗಳಿಗೆ ತಾವೇ ನಡೆದು ಹೋದವರು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು. ಬರೋಡೆಯ ರಾಜರತ್ನ ಮಾಣಿಕರಾಯರಲ್ಲಿ ವ್ಯಾಯಾಮವಿದ್ಯೆಯನ್ನೂ, ಬೇರೆಡೆಗಳಲ್ಲಿ ಆಯುರ್ವೇದವನ್ನೂ ಕಲಿತು ಊರೂರಿನಲ್ಲಿ ಯೋಗ-ವ್ಯಾಯಾಮ ಶಿಬಿರಗಳನ್ನು ನಡೆಸುತ್ತಿದ್ದ ಅವರು 1943ರ ಸುಮಾರಿಗೆ ಮಲ್ಲಾಡಿಹಳ್ಳಿಯಲ್ಲಿ ನೆಲೆಸಿ ಅನಾಥಸೇವಾಶ್ರಮವನ್ನು ಬೆಳೆಸಿದರು. 1996ರಲ್ಲಿ, ನೂರು ವರ್ಷಗಳನ್ನು ದಾಟಿದ ವಯಸ್ಸಿನಲ್ಲಿ, ಕಾಲವಾದರು. ‘ತಿರುಕ’ ಎಂಬ ಅಂಕಿತದಿಂದ ಬರೆದ, ಜೋಳಿಗೆ ಹಿಡಿದು ಬೇಡಿ ಶಾಲೆ, ಆಸ್ಪತ್ರೆಗಳನ್ನು ಕಟ್ಟಿದ ಅವರ ಚರಿತ್ರೆಯಲ್ಲಿ ವ್ಯಾಯಾಮದ ಸ್ಥಾನವು ಈಚೆಗೆ ವೈದ್ಯದ ಕೀರ್ತಿಯ ಹಿಂದೆ ಸ್ವಲ್ಪ ಮರೆಯಾಗಿದೆ. ಉಪಕರಣವಿಲ್ಲದೆ, ಶುಲ್ಕವಿಲ್ಲದೆ, ಚಾಪೆಯಷ್ಟು ನೆಲದಲ್ಲಿ ಮಾಡಬಲ್ಲ ಸಾಧನೆಯನ್ನು ರೈತರ ಮಕ್ಕಳಿಗೆ ಕಲಿಸಿದ್ದೇ ಈ ಸೀಮೆಗೆ ಅವರಿಂದಾದ ಮೊದಲ ಉಪಕಾರ.

ಪಶ್ಚಿಮದಲ್ಲಿ ಜರ್ಮನಿಯ ಜೋಸೆಫ್ ಪಿಲಾಟಿಸ್ (1883–1967) ನಡುವನ್ನೇ ಕೇಂದ್ರವಾಗಿಸಿಕೊಂಡ ಪದ್ಧತಿಯೊಂದನ್ನು ನ್ಯೂಯಾರ್ಕಿನಲ್ಲಿ ಬೆಳೆಸಿದನು. ‘ಕೋರ್’ ಎಂಬ ಮಾತಿಗೆ ಈಗಿನ ಮಹಿಮೆ ಬಂದುದಾದರೋ ಆಸ್ಟ್ರೇಲಿಯದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್ಸನ್ 1996ರಲ್ಲಿ ಪ್ರಕಟಿಸಿದ ಪ್ರಯೋಗದಿಂದ. ಆರೋಗ್ಯವಂತರು ತೋಳನ್ನು ಎತ್ತಲು ಹೊರಟಾಗ ತೋಳಿನ ಸ್ನಾಯುವಿಗಿಂತ ಮೊದಲೇ ಅಡ್ಡ ಉದರಸ್ನಾಯುವು ಬಿಗಿಯುವುದನ್ನೂ, ಬಹುಕಾಲದ ಸೊಂಟನೋವಿದ್ದವರಲ್ಲಿ ಆ ಬಿಗಿತವು ತಡವಾಗುವುದನ್ನೂ ಅವರು ಅಳೆದು ತೋರಿಸಿದರು. ಇದನ್ನು ಹಿಡಿದುಕೊಂಡು, ಆ ಒಂದು ಸ್ನಾಯುವನ್ನು ಪಳಗಿಸಿದರೆ ಸೊಂಟನೋವು ಅಳಿಯುತ್ತದೆಂಬ ಉತ್ಸಾಹವು ಹಬ್ಬಿತು. ಅನಂತರದ ಅಧ್ಯಯನಗಳು ಅದನ್ನು ಅಷ್ಟಾಗಿ ಪುರಸ್ಕರಿಸಲಿಲ್ಲ. ದೀರ್ಘಕಾಲದಲ್ಲಿ ನಡುವಿನ ವಿಶೇಷ ವ್ಯಾಯಾಮಗಳೂ ನಡಿಗೆಯೇ ಮೊದಲಾದ ಸಾಮಾನ್ಯ ವ್ಯಾಯಾಮಗಳೂ ಹೆಚ್ಚುಕಡಮೆ ಒಂದೇ ಫಲವನ್ನು ಕೊಡುತ್ತವೆಂಬುದು ಈಗಿನ ಸಾಮಾನ್ಯ ಅಭಿಪ್ರಾಯ. ಆದಕಾರಣ ನಡುವಿನ ವ್ಯಾಯಾಮವನ್ನು ಸರ್ವರೋಗನಿವಾರಕವೆಂದು ಮಾರುವವರನ್ನು ಸಂಶಯದಿಂದ ನೋಡುವುದು ಯುಕ್ತ.

ಅಭ್ಯಾಸಕ್ರಮ

ಮನೆಯಲ್ಲಿ ಬೇಕಾದ ಸಾಮಗ್ರಿಯೆಂದರೆ ಒಂದು ಜಮಖಾನ ಅಥವಾ ಚಳ್ಳಕೆರೆಯ ಕಡೆಯ ಒಂದು ಕರಿಕಂಬಳಿ, ಒಂದು ಗೋಡೆ, ಒಂದು ಜಗುಲಿ, ಮತ್ತು ಬಕೆಟ್ಟಿನ ತುಂಬ ನೀರು. ಹೊತ್ತನ್ನು ಕುರಿತು ಒಂದು ಎಚ್ಚರಿಕೆಯುಂಟು. ರಾತ್ರಿ ಮಲಗಿರುವಾಗ ಕಶೇರುಗಳ ನಡುವಣ ಮೆತ್ತೆಗಳು ನೀರನ್ನು ಹೀರಿಕೊಂಡು ಉಬ್ಬುತ್ತವೆ. ಬೆಳಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟೋ ಇನ್ನೂ ಸ್ವಲ್ಪ ಹೆಚ್ಚಾಗಿಯೋ ಎತ್ತರವಿರುವುದು ಇದರಿಂದಲೇ. ಹೀಗೆ ಉಬ್ಬಿರುವ ಹೊತ್ತಿನಲ್ಲಿ ಬಾಗಿದರೆ ಅವುಗಳ ಮೇಲೆ ಬೀಳುವ ಒತ್ತಡವು ಹೆಚ್ಚು. ಎದ್ದೊಡನೆ ಬಾಗುವುದನ್ನು ವರ್ಜಿಸಿದ ಸೊಂಟನೋವಿನ ರೋಗಿಗಳಲ್ಲಿ ನೋವು ಇಳಿದುದನ್ನು 1998ರ ಅಮೆರಿಕದ ಅಧ್ಯಯನವೊಂದು ವರದಿಮಾಡಿತು. ನಸುಕಿನಲ್ಲಿ ಎದ್ದು, ಮೋಟು ಪೊರಕೆ ಹಿಡಿದು ಬಾಗಿ ಅಂಗಳ ಗುಡಿಸಿ, ಬಾಗಿಯೇ ರಂಗೋಲಿ ಇಡುವ ಗೃಹಿಣಿಗೆ ಇದನ್ನು ಹೇಳುವುದು ಸುಲಭವಲ್ಲ. ಉದ್ದ ಹಿಡಿಯ ಪೊರಕೆಯನ್ನು ತಂದುಕೊಡುವುದು ಸುಲಭ.

ಮೊದಲ ಪಾಠ ಉಸಿರು. ಅಂಗಾತ ಮಲಗಿ, ಮಂಡಿಗಳನ್ನು ಮಡಿಸಿ, ಒಂದು ಕೈಯನ್ನು ಕಿಬ್ಬೊಟ್ಟೆಯ ಮೇಲಿಟ್ಟು, ಉಸಿರನ್ನು ಬಿಡುತ್ತ ಹೊಟ್ಟೆಯ ಸುತ್ತಳತೆಯೆಲ್ಲ ಮೆಲ್ಲನೆ ಬಿಗಿಯುವಂತೆ ಮಾಡಬೇಕು. ಯಾರೋ ಆಟಕ್ಕೆ ಹೊಟ್ಟೆಗೆ ತಿವಿಯಲು ಬಂದಾಗ ತಾನಾಗಿ ಬರುವ ಬಿಗಿತವೇ ಇದು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುವುದು ಬೇರೆ, ಅದು ಇಲ್ಲಿ ಬೇಡ. ಬಿಗಿತವನ್ನು ಉಳಿಸಿಕೊಂಡೇ ಸಹಜವಾಗಿ ಉಸಿರಾಡಲು ಬಂದರೆ ಮುಂದಿನದೆಲ್ಲಕ್ಕೆ ಅಡಿಪಾಯ ಬಿದ್ದಂತೆ. ಇದೇ ಸ್ಥಿತಿಯಲ್ಲಿ ಎರಡು ಕೈಗಳನ್ನೂ ಸೂರಿನತ್ತ ನೀಡಿ, ಮಡಿಸಿದ ಕಾಲುಗಳನ್ನು ಮೇಲೆತ್ತಿ, ಬಲಗೈಯನ್ನು ತಲೆಯ ಹಿಂದಕ್ಕೂ ಎಡಗಾಲನ್ನು ಮುಂದಕ್ಕೂ ನಿಧಾನವಾಗಿ ಚಾಚಿ, ಮರಳಿ ತಂದು, ಪಕ್ಕ ಬದಲಿಸಬೇಕು. ಜಿರಲೆ ಅಂಗಾತ ಬಿದ್ದು ಒದ್ದಾಡುವಂತೆ ಕಾಣುವ ಇದನ್ನು ನೋಡಿ ಮನೆಯ ಮಕ್ಕಳು ನಗುವುದುಂಟು. ಸೊಂಟದ ಅಡಿಯ ಟೊಳ್ಳು ಕಾಲು ಚಾಚಿದಾಗ ದೊಡ್ಡದಾಗಬಾರದು. ಹಾಗೆ ದೊಡ್ಡದಾದರೆ ಚಾಚುವುದನ್ನು ಕಡಮೆಮಾಡಬೇಕು.

ಕೆನಡದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನೆಲುಬಿನ ಮೇಲಣ ಹೊರೆಯನ್ನು ದೀರ್ಘಕಾಲ ಅಳೆದ ಸ್ಟುವರ್ಟ್ ಮೆಕ್‌ಗಿಲ್, ಕಡಮೆ ಹೊರೆಯಲ್ಲಿ ಹೆಚ್ಚು ಫಲ ಕೊಡುವವೆಂದು ಮೂರು ವ್ಯಾಯಾಮಗಳನ್ನು ಆರಿಸಿದನು. ಒಂದು ಕಾಲನ್ನು ಮಡಿಸಿ ಇನ್ನೊಂದನ್ನು ನೀಡಿ ಮಲಗಿ, ಅಂಗೈಗಳನ್ನು ಸೊಂಟದ ಕೆಳಗಿಟ್ಟು, ತಲೆ ಮತ್ತು ಹೆಗಲುಗಳನ್ನು ನೆಲದಿಂದ ಅಷ್ಟೇ ಅಷ್ಟು ಎತ್ತಿ ಹಿಡಿಯುವುದು ಒಂದು. ಒಂದು ಮಗ್ಗುಲಿಗೆ ಮಲಗಿ, ಮೊಣಕೈ ಮತ್ತು ಮಡಿಸಿದ ಮಂಡಿಗಳ ಮೇಲೆ ಸೊಂಟವನ್ನೆತ್ತಿ ನಿಲ್ಲುವುದು ಮತ್ತೊಂದು. ಅಭ್ಯಾಸವಾದವರು ಮಂಡಿಗಳಿಗೆ ಬದಲಾಗಿ ಪಾದಗಳ ಮೇಲೆ ನಿಂತರೆ ಅದು ಯೋಗಾಭ್ಯಾಸಿಗಳ ವಸಿಷ್ಠಾಸನಕ್ಕೆ ನೆರೆಯಾಗುತ್ತದೆ. ಮೂರನೆಯದು ಅಂಬೆಗಾಲಿನಲ್ಲಿ ನಿಂತು ಎದುರುಬದಿರಾದ ಕೈಯನ್ನೂ ಕಾಲನ್ನೂ ಚಾಚಿ ಹಿಡಿಯುವುದು. ನೀರಿನ ಲೋಟವನ್ನು ಸೊಂಟದ ಮೇಲಿಟ್ಟರೂ ಚೆಲ್ಲಬಾರದೆಂಬ ಎಚ್ಚರದಿಂದ ಮಾಡಿದಾಗ ಮಾತ್ರ ಇದು ವ್ಯಾಯಾಮವಾಗುತ್ತದೆ. ಪ್ರತಿಯೊಂದನ್ನೂ 10 ಸೆಕೆಂಡಿಗಿಂತ ಹೆಚ್ಚು ಹಿಡಿಯದೆ, ಇಳಿಸಿ, ಮತ್ತೆ ಎತ್ತುವುದು ಅವನ ಕ್ರಮ. ಸ್ನಾಯುವಿಗೆ ನೆತ್ತರಿನ ಹರಿವು ಮರಳಲು ಅವಕಾಶ ಕೊಟ್ಟು, ಆಯಾಸಪಡಿಸದೆ ತಾಳಿಕೆಯನ್ನು ಬೆಳೆಸುವುದು ಇದರ ಉದ್ದೇಶ. ಸುಶ್ರುತನ ಅರ್ಧಶಕ್ತಿಗೂ ಇದಕ್ಕೂ ಇರುವ ಸಾಮ್ಯವನ್ನು ಗಮನಿಸದಿರಲಾಗದು.

ಹಲಗೆಯಂತೆ ನಿಲ್ಲುವ ಭಂಗಿಯನ್ನು, ಅಂದರೆ ಫಲಕಾಸನವನ್ನು, ನೆಲದ ಮೇಲೆಯೇ ಆರಂಭಿಸುವುದು ಅನೇಕರ ತಪ್ಪು. ಮೊದಲು ಗೋಡೆಗೆ ಮೊಣಕೈ ಊರಿ ಓರೆಯಾಗಿ ನಿಲ್ಲಬೇಕು. ಒಂದೆರಡು ವಾರಗಳಲ್ಲಿ ಜಗುಲಿಯ ಅಂಚಿಗೆ, ಅನಂತರ ನೆಲಕ್ಕೆ ಇಳಿಯಬೇಕು. ಕೈಗಳು ತಗ್ಗಿದಷ್ಟೂ ನಡುವಿನ ಮೇಲಣ ಭಾರವು ಏರುತ್ತದೆ. ಎಷ್ಟು ನಿಮಿಷ ನಿಂತೆನೆಂಬುದನ್ನು ಗಡಿಯಾರದಲ್ಲಿ ನೋಡಿ ಹೆಮ್ಮೆಪಡುವ ರೂಢಿ ಈಗ ಬಲವಾಗಿದೆ. ಸೊಂಟವು ಜೋತುಬಿದ್ದ ಮರುಕ್ಷಣದಿಂದ ಆ ನಿಮಿಷಗಳು ಬೆನ್ನಿನ ಲೆಕ್ಕಕ್ಕೆ ನಷ್ಟವಾಗಿಯೇ ಬೀಳುತ್ತವೆ. ಹಿಂಬದಿಗೆ ಸೇತುಬಂಧಾಸನವೂ ಶಲಭಾಸನವೂ ಸಾಕು. ಇವುಗಳ ಜೊತೆಗೆ, ತುಂಬಿದ ಬಕೆಟ್ಟನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಪಕ್ಕಕ್ಕೆ ವಾಲದೆ, ಹಿತ್ತಲಿನ ಉದ್ದಕ್ಕೂ ನಡೆದು, ಕೈ ಬದಲಿಸಿ ಮರಳುವುದನ್ನು ಸೇರಿಸಿದರೆ ಹಳೆಯ ಕಾಲದ ಕೊಡದ ನಡಿಗೆಯೇ ಹೊಸ ವೇಷದಲ್ಲಿ ಹಿಂತಿರುಗುತ್ತದೆ. 10 ಲೀಟರು ನೀರು 10 ಕಿಲೋಗ್ರಾಂ ತೂಗುವುದರಿಂದ ಭಾರವನ್ನು ಲೋಟದ ಲೆಕ್ಕದಲ್ಲಿ ಏರಿಸಬಹುದು. ನೀರು ಗಿಡಕ್ಕೂ ಆಗುತ್ತದೆ.

ಕಾಲುಗಳನ್ನು ಹಿಡಿಸಿಕೊಂಡು ಮಲಗಿದಲ್ಲಿಂದ ಪೂರ್ತಿ ಎದ್ದು ಕೂರುವ ಶಾಲಾದಿನಗಳ ವ್ಯಾಯಾಮವನ್ನು ಇಲ್ಲಿ ಸೇರಿಸದಿರುವುದು ಮರೆವಿನಿಂದಲ್ಲ. ಅದರಲ್ಲಿ ಬೆನ್ನೆಲುಬನ್ನು ಹೊರೆಯೊಡನೆ ಪದೇ ಪದೇ ಮಡಿಸಬೇಕಾಗುತ್ತದೆ, ಅದಕ್ಕೆ ತಕ್ಕ ಲಾಭವಿಲ್ಲ. ಅದರಿಂದ ಹೊಟ್ಟೆಯ ಕೊಬ್ಬು ಕರಗುತ್ತದೆಂಬ ನಂಬಿಕೆಯೂ ನಿರಾಧಾರವಾದುದು. ಕೊಬ್ಬು ಕರಗುವುದು ಇಡೀ ದೇಹದ ಆಯವ್ಯಯದಿಂದಲೇ ಹೊರತು, ಅದರ ಅಡಿಯಲ್ಲಿರುವ ಸ್ನಾಯುವನ್ನು ದುಡಿಸುವುದರಿಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನೂ, ಅದಕ್ಕೆ ಹೊರತಾಗಿ ಎರಡು ಅಥವಾ ಹೆಚ್ಚು ದಿನಗಳ ಸ್ನಾಯುಬಲದ ವ್ಯಾಯಾಮವನ್ನೂ ವಯಸ್ಕರಿಗೆ ಸೂಚಿಸಿದೆ. ಮೇಲೆ ಹೇಳಿದ ಕ್ರಮಕ್ಕೆ ದಿನಕ್ಕೆ ಕಾಲುಗಂಟೆ ಸಾಕು; ಉಳಿದ ಹೊತ್ತು ಕೆರೆಯ ಏರಿಯ ಮೇಲೆ ನಡೆಯುವುದಕ್ಕೆ ಸಲ್ಲತಕ್ಕದ್ದು.

ಕೆಲವರ ವಿಷಯದಲ್ಲಿ ಕ್ರಮವು ಬೇರೆಯಾಗುತ್ತದೆ. ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆಯನ್ನು ಬಿಗಿಯಾಗಿ ಕಟ್ಟುವ ಪದ್ಧತಿಯು ಈ ಸೀಮೆಯಲ್ಲಿ ಇನ್ನೂ ಇದೆ. ಗರ್ಭಕಾಲದಲ್ಲಿ ನೆಟ್ಟಸ್ನಾಯುವಿನ ಎರಡು ಪಟ್ಟಿಗಳು ಒಂದರಿಂದೊಂದು ದೂರ ಸರಿದಿರುವುದರಿಂದ ಹೊರಗಿನ ಆಸರೆ ಹಿತವೆನಿಸುವುದು ಸಹಜ. ಆದರೆ ಅತಿ ಬಿಗಿದರೆ ಒತ್ತಡವು ಶ್ರೋಣಿತಳದ ಮೇಲೆ ಇಳಿಯುತ್ತದೆ, ಮತ್ತು ಬಟ್ಟೆಯು ಸ್ನಾಯುವಿನ ಕೆಲಸವನ್ನು ಕಲಿಸುವುದಿಲ್ಲ. ಆಕೆಗೆ ಮೊದಲು ಸಲ್ಲುವುದು ಉಸಿರಿನ ಪಾಠವೂ, ಮೂತ್ರವನ್ನು ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಅಭ್ಯಾಸವೂ. ಇದನ್ನು 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ ಚಿಕಿತ್ಸೆಯಾಗಿ ಪ್ರಚುರಪಡಿಸಿದನು. ಹಠಯೋಗದ ಮೂಲಬಂಧವು ಅದೇ ಸ್ನಾಯುಗಳನ್ನು ಬೇರೊಂದು ಉದ್ದೇಶಕ್ಕಾಗಿ ದುಡಿಸುತ್ತದೆ. ಶಸ್ತ್ರಕ್ರಿಯೆಯಿಂದ ಹೆರಿಗೆಯಾದವರೂ, ಹರ್ನಿಯ ಇದ್ದವರೂ ವೈದ್ಯರ ಅನುಮತಿಯಿಲ್ಲದೆ ಆರಂಭಿಸಬಾರದು. ರಕ್ತದ ಒತ್ತಡವುಳ್ಳವರು ಹಮಾಲಿಯಂತೆ ಉಸಿರು ಕಟ್ಟಬಾರದು. ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಮಲಮೂತ್ರಗಳ ಹತೋಟಿ ತಪ್ಪುವುದು, ಜ್ವರದೊಡನೆ ರಾತ್ರಿಯೂ ಬಿಡದ ಬೆನ್ನುನೋವು ಕಂಡುಬಂದರೆ ಅದು ವ್ಯಾಯಾಮದ ಹೊತ್ತಲ್ಲ, ಆಸ್ಪತ್ರೆಯ ಹೊತ್ತು. ಶೇಂಗಾ ಕೀಳುವ ಹೆಣ್ಣುಮಕ್ಕಳಿಗಾದರೋ ಇನ್ನಷ್ಟು ಬಾಗುವ ವ್ಯಾಯಾಮ ಅಪಥ್ಯ. ಸಾಲಿನ ಕೊನೆಯಲ್ಲಿ ಎದ್ದು ನಿಂತು, ಅಂಗೈಗಳನ್ನು ಸೊಂಟಕ್ಕಿಟ್ಟು ಹಿಂದಕ್ಕೆ ನಾಲ್ಕು ಸಲ ಮೆಲ್ಲನೆ ವಾಲುವುದು ಅವರು ತಾವಾಗಿಯೇ ಕಂಡುಕೊಂಡಿರುವ ಉಪಾಯ, ಅದು ಸರಿಯಾಗಿಯೂ ಇದೆ.

ವೃದ್ಧರಿಗೆ ಉಳಿದೆಲ್ಲಕ್ಕಿಂತ ಮಿಗಿಲಾದುದು ನೆಲದಿಂದ ಏಳುವುದು. ಬ್ರೆಜಿಲಿನ ವೈದ್ಯರು 51ರಿಂದ 80 ವರ್ಷ ವಯಸ್ಸಿನ 2,002 ಮಂದಿಯನ್ನು ನೆಲದ ಮೇಲೆ ಕುಳಿತು ಏಳುವಂತೆ ಹೇಳಿ, ಕೂರುವುದಕ್ಕೆ 5, ಏಳುವುದಕ್ಕೆ 5 ಅಂಕಗಳನ್ನಿಟ್ಟು, ಕೈಯನ್ನೋ ಮಂಡಿಯನ್ನೋ ಊರಿದ ಪ್ರತಿಯೊಂದು ಸಲಕ್ಕೆ ಒಂದು ಅಂಕವನ್ನು ಕಳೆದು, ಅನಂತರದ ವರ್ಷಗಳಲ್ಲಿ ಅವರನ್ನು ಗಮನಿಸುತ್ತ ಬಂದರು. ಕಡಮೆ ಅಂಕ ಪಡೆದವರಲ್ಲಿ ಮರಣಗಳು ಹೆಚ್ಚಾಗಿದ್ದುವೆಂದು 2012ರಲ್ಲಿ ಪ್ರಕಟವಾಯಿತು. ಮಣೆಯ ಮೇಲೆ ಕುಳಿತು ಮುದ್ದೆ ಉಂಡು, ಒಂದು ಕೈಯಲ್ಲಿ ತಟ್ಟೆ ಹಿಡಿದು ಎದ್ದುಹೋಗುತ್ತಿದ್ದ ಅಜ್ಜಿಯು ದಿನಕ್ಕೆ ಎರಡು ಬಾರಿಯಾದರೂ ಈ ಪರೀಕ್ಷೆಯನ್ನು ಕೊಡುತ್ತಿದ್ದಳು. ಊಟದ ಮೇಜು ಬಂದಿರುವ ಮನೆಯಲ್ಲಿ ಹಿರಿಯರು ಮೊದಲು ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದನ್ನೂ, ಅನಂತರ ಅಡ್ಡಮಣೆಯಿಂದ, ಅನಂತರ ಗೋಡೆಯ ಪಕ್ಕದಲ್ಲಿ ಮಡಿಸಿಟ್ಟ ಕಂಬಳಿಯ ಮೇಲಿನಿಂದ ಏಳುವುದನ್ನೂ ಅಭ್ಯಸಿಸತಕ್ಕದ್ದು. ಎದ್ದು ನಿಲ್ಲುವವರೆಗೆ ಮನೆಯವರೊಬ್ಬರು ಪಕ್ಕದಲ್ಲಿರಬೇಕು, ಆದರೆ ಕೈ ಹಿಡಿದು ಎತ್ತಬಾರದು.